ತಿಜೋರಿ ಹಿಂದಿನ ವೈಫೈ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯ ನಳಕ್ಕೆ ನೀರು ಸಣ್ಣಗೆ ಬರತೊಡಗಿದರೆ ಏನು ಮಾಡಬೇಕು ಅಂತ ಹುಬ್ಬಳ್ಳಿ-ಧಾರವಾಡದ ಮಂದಿಗೆ ಯಾರೂ ಕಲಿಸಬೇಕಿಲ್ಲ. ಓಣಿಗೆ ನೀರು ಬಿಟ್ಟಿದ್ದಾರೋ ಇಲ್ಲವೋ ಮೊದಲು ಕೇಳುತ್ತೇವೆ. ಬಿಟ್ಟಿದ್ದರೆ ಅಂಗಳದ ನಳ ತಿರುಗಿಸುತ್ತೇವೆ. ಅಲ್ಲಿ ಜೋರಾಗಿ ಬಂದರೆ ತಪ್ಪು ಒಳಗಿನ ಪೈಪಿನದು, ಇಲ್ಲವೇ ಬಚ್ಚಲಮನೆಯ ನಳದಲ್ಲಿ ಕಸ ಕೂತಿದೆ. ಐದು ನಿಮಿಷದ ತನಿಖೆ ಅಷ್ಟೇ. ಆದರೆ ವೈಫೈ ನಿಧಾನವಾದ ದಿನ ಈ ಜಾಣತನ ಎಲ್ಲಿ ಓಡಿಹೋಗುತ್ತದೋ ಗೊತ್ತಿಲ್ಲ. ನನ್ನದಂತೂ ಓಡಿಹೋಗಿತ್ತು. ಆ ಕಥೆಯನ್ನೇ ಇವತ್ತು ಹೇಳುತ್ತೇನೆ.

ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ಕೊಡುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ಮುಗಿದವು. ನಿಮ್ಮಲ್ಲೂ ಬಹಳ ಮಂದಿ ಆ ಸುಮಾರಿಗೆ ವಿಂಡೋಸ್ 11ಕ್ಕೆ ದಾಟಿರಬೇಕು. ನಾವೂ ದಾಟಿದೆವು. ಅಕ್ಟೋಬರ್ 12, ರವಿವಾರ. ಲ್ಯಾಪ್‌ಟಾಪ್ ಆರು ವರ್ಷದ್ದು. ಅದರ ಮೇಲೆಯೇ ನನ್ನ ಮಗಳು ಬೆಂಗಳೂರಿನ ಆಫೀಸಿನ ಕೆಲಸವನ್ನು ಧಾರವಾಡದ ಮನೆಯಿಂದ ಮಾಡುತ್ತಾಳೆ. ಬೆಳಿಗ್ಗೆ ಹಚ್ಚಿದ ಅಪ್‌ಗ್ರೇಡ್ ಊಟದ ಹೊತ್ತಿಗೆ ಮುಗಿಯಿತು. ಎಲ್ಲ ಚೆಂದ ಕಂಡಿತು. ಸೋಮವಾರ ಬೆಳಿಗ್ಗೆ ಒಳಗಿನ ಕೋಣೆಯಿಂದ ಕೂಗು ಬಂತು: "ಅಪ್ಪಾ, ಮೀಟಿಂಗ್‌ನ್ಯಾಗ ನನ್ನ ಮಾರಿ ಕಲ್ಲಾಗಿ ನಿಂತುಬಿಟ್ಟೈತಿ!"

ಅವಳ ಲ್ಯಾಪ್‌ಟಾಪಿನಲ್ಲಿ ಸ್ಪೀಡ್ ಟೆಸ್ಟ್ ಹಚ್ಚಿದೆ. ನಮ್ಮದು 100 ಎಂಬಿಪಿಎಸ್ ಪ್ಲ್ಯಾನು. ಬಂದದ್ದು 6.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಇದರಲ್ಲಿ ಸುಮ್ನೆ ಜಗಳ ಆಗುತ್ತದೆ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ನಾವು ಫೈಲು ಇಳಿಸುವಾಗ ಕಾಣುವುದು ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 100ರ ಪ್ಲ್ಯಾನಿನಲ್ಲಿ ಫೈಲು ಸೆಕೆಂಡಿಗೆ 11, 12 ಮೆಗಾಬೈಟ್ ಇಳಿಯುತ್ತಿದ್ದರೆ ನಿಮಗೆ ಪೂರ್ತಿ ಸಿಗುತ್ತಿದೆ ಅಂತಲೇ ಅರ್ಥ. ಯಾರಿಗೂ ಫೋನ್ ಹಚ್ಚಿ ಬೈಯಬೇಡಿ.

ನಾನು ಬೈದೆ. ಮೊದಲು ಲೈನ್ ಕೊಟ್ಟವರಿಗೆ ಫೋನ್ ಮಾಡಿ ಕೂಗಾಡಿದೆ. ಆಮೇಲೆ ಅಪ್‌ಗ್ರೇಡ್ ಮಾಡಿಸಿದ್ದಕ್ಕೆ ಮಗಳಿಗೆ ಎರಡು ಮಾತು. ಆಮೇಲೆ ಎಲ್ಲೋ ಓದಿದ್ದು ನೆನಪಾಗಿ 'ನೆಟ್‌ವರ್ಕ್ ರೀಸೆಟ್' ಒತ್ತಿಬಿಟ್ಟೆ. ಅದು ಲ್ಯಾಪ್‌ಟಾಪಿನಲ್ಲಿ ಉಳಿಸಿಟ್ಟ ವೈಫೈ ಪಾಸ್‌ವರ್ಡುಗಳನ್ನೆಲ್ಲ ಒರೆಸಿಹಾಕುತ್ತದೆ. ನಮ್ಮ ಪಾಸ್‌ವರ್ಡ್ ಬರೆದಿಟ್ಟ ಚೀಟಿ ಹುಡುಕುವುದರಲ್ಲಿ ಮಧ್ಯಾಹ್ನ ಕಳೆಯಿತು. ಸ್ಪೀಡು ಮಾತ್ರ ಅದೇ 6. ಪಕ್ಕದ ಮನೆಯ ಹುಡುಗ ಬಂದು ನೋಡಿ, "ಕಾಕಾ, ಹಳೇದಕ್ಕ ಹೊಳ್ಳಿ ಹೋಗಿಬಿಡ್ರಿ. ಹತ್ತು ದಿನ ಟೈಮ್ ಇರ್ತೈತಿ" ಅಂದ. ಅವನು ಹೇಳಿದ್ದು ಖರೆ. ಅಪ್‌ಗ್ರೇಡ್ ಆದ ಹತ್ತು ದಿನದೊಳಗೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಅಂತ ಹೋದರೆ 'ಗೋ ಬ್ಯಾಕ್' ಅನ್ನುವ ಗುಂಡಿ ಇರುತ್ತದೆ. ನಮ್ಮ ಗಡುವು ಬಲಿಪಾಡ್ಯಮಿಗೆ ಮುಗಿಯುತ್ತಿತ್ತು.

ಅಷ್ಟರಲ್ಲಿ ಅಂಗಳದಲ್ಲಿ ವೈನಿ ನಳದ ಕೆಳಗೆ ಕೊಡ ಇಟ್ಟ ಸಪ್ಪಳ ಕೇಳಿತು. ಆಗ ತಲೆಗೆ ಹೊಳೆಯಿತು. ನಾನು ಇಷ್ಟು ಹೊತ್ತೂ ಬಚ್ಚಲಮನೆಯ ನಳವನ್ನಷ್ಟೇ ತಿರುಗಿಸುತ್ತಿದ್ದೇನೆ!

ಅಂಗಳದ ನಳದಿಂದ ಶುರು ಮಾಡಿದೆ. ವೈಫೈ ಪೆಟ್ಟಿಗೆಯ ಜೊತೆ ಬಂದಿದ್ದ ಹಳದಿ ಕೇಬಲ್ ಹುಡುಕಿ ಅದಕ್ಕೂ ಲ್ಯಾಪ್‌ಟಾಪಿಗೂ ನೇರ ಜೋಡಿಸಿ, ವೈಫೈ ಬಂದ್ ಮಾಡಿ ಟೆಸ್ಟ್ ಹಚ್ಚಿದೆ. 94. ಅಂದರೆ ಲೈನ್ ಸರಿ, ಪೆಟ್ಟಿಗೆ ಸರಿ. ಬೈಸಿಕೊಂಡವರ ತಪ್ಪು ಏನೂ ಇರಲಿಲ್ಲ. 100 ಇರಬೇಕಾದಲ್ಲಿ 94 ಯಾಕೆ ಅಂದರೆ, ಮಾಹಿತಿ ಹೋಗುವುದು ಸಣ್ಣ ಸಣ್ಣ ಪೊಟ್ಟಣಗಳಾಗಿ, ಪ್ರತಿ ಪೊಟ್ಟಣದ ಮೇಲೆ ವಿಳಾಸ ಬರೆಯಲಿಕ್ಕೂ ಒಂದಿಷ್ಟು ಜಾಗ ಬೇಕಲ್ಲ, ಅದಕ್ಕೆ ಹೋಗುತ್ತದೆ. ಆದರೆ ನಿಮ್ಮದು 200, 300ರ ಪ್ಲ್ಯಾನ್ ಇದ್ದು ಕೇಬಲ್ ಹಚ್ಚಿದಾಗಲೂ 94ಕ್ಕೇ ನಿಂತರೆ ಮೊದಲು ಕೇಬಲ್ಲನ್ನು ಅನುಮಾನಿಸಿ. ಅದರೊಳಗೆ ಎಂಟು ತಂತಿ ಇರುತ್ತವೆ. ಕೆಲವೊಮ್ಮೆ ಒಂದು ತುಂಡಾದರೂ ಸಾಕು, ಕೇಬಲ್ಲಿನ ವೇಗ 100ಕ್ಕೆ ಇಳಿದುಬಿಡುತ್ತದೆ, ಯಾರಿಗೂ ಹೇಳುವುದಿಲ್ಲ.

ಇನ್ನು ಗಾಳಿಯ ಸರದಿ. ಇದಕ್ಕೆ ಮೊಬೈಲ್ ಬೇಕು. ಮೊಬೈಲಿಗೆ ಅಪ್‌ಗ್ರೇಡ್ ಆಗಿಲ್ಲ, ಹಾಗಾಗಿ ಅದು ಒಳ್ಳೆಯ ಸಾಕ್ಷಿ. ಪೆಟ್ಟಿಗೆಯ ಪಕ್ಕದಲ್ಲಿ ನಿಂತು ನೋಡಿದೆ, 93. ಮಗಳ ಕೋಣೆಗೆ ಹೋಗಿ ಅವಳ ಕುರ್ಚಿಯಲ್ಲೇ ಕೂತು ನೋಡಿದೆ, 28. ನನಗೆ ಆಶ್ಚರ್ಯ. ಅಪ್‌ಗ್ರೇಡೇ ಆಗದ ಮೊಬೈಲಿಗೂ ಆ ಕೋಣೆಯಲ್ಲಿ ಹತ್ತಿರಹತ್ತಿರ ಮುಕ್ಕಾಲು ಪಾಲು ಸ್ಪೀಡು ಸೋರಿಹೋಗುತ್ತಿದೆ! ಕೊನೆಗೆ ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೋಗಿ ಪೆಟ್ಟಿಗೆಯ ಪಕ್ಕ ಇಟ್ಟು ವೈಫೈ ಹಚ್ಚಿದೆ. 38. ಮೊಬೈಲಿಗೆ 93 ಸಿಕ್ಕ ಜಾಗದಲ್ಲಿ ಲ್ಯಾಪ್‌ಟಾಪಿಗೆ 38.

ಕಳ್ಳ ಒಬ್ಬನಲ್ಲ, ಇಬ್ಬರು. ಒಬ್ಬ ಗಾಳಿಯಲ್ಲಿದ್ದಾನೆ, ಒಬ್ಬ ಲ್ಯಾಪ್‌ಟಾಪಿನೊಳಗೆ.

ಗಾಳಿಯ ಕಳ್ಳ ಕಣ್ಣೆದುರೇ ಇದ್ದ. ಅಪ್‌ಗ್ರೇಡ್ ಮಾಡಿದ ಅದೇ ರವಿವಾರ ಮನೆಯಲ್ಲಿ ದೀಪಾವಳಿಗೆ ಅಂತ ಸುಣ್ಣ ಹೊಡೆಯುವುದು, ಸಾಮಾನು ಸರಿಸುವುದು ನಡೆದಿತ್ತು. ನಾನು ಪರದೆಯ ಮೇಲೆ ಶೇಕಡಾ ಎಷ್ಟಾಯಿತು ಅಂತ ನೋಡುತ್ತ ಕೂತಿದ್ದೆ, ಉಳಿದವರು ಕಬ್ಬಿಣದ ತಿಜೋರಿ ಸರಿಸುತ್ತಿದ್ದರು. ಪಡಸಾಲೆಯ ಗೋಡೆಗೆ ಒರಗಿಸಿಟ್ಟ ತಿಜೋರಿಯ ಹಿಂದೆ ಗೇಣು ಜಾಗ ಉಳಿದಿತ್ತು. ನೋಡಲಿಕ್ಕೆ ಚೆಂದ ಕಾಣುವುದಿಲ್ಲ ಅಂತ ವೈಫೈ ಪೆಟ್ಟಿಗೆಯನ್ನು ಯಾರೋ ಆ ಸಂದಿಗೆ ತೂರಿಸಿದ್ದರು. ವೈಫೈ ಅಂದರೆ ರೇಡಿಯೋ ತರಂಗ. ನೀವು ಈಗ ಕೇಳುತ್ತಿರುವ ಈ ಮಾತನ್ನು ಹೊತ್ತು ತರುವ ಬಾನುಲಿ ಅಲೆಯ ಜಾತಿಯದೇ, ಅಲೆ ಮಾತ್ರ ಬಹಳ ಸಣ್ಣದು. ಬಾನುಲಿಯ ಮೀಡಿಯಂ ವೇವ್ ಅಲೆ ನೂರಾರು ಮೀಟರ್ ಉದ್ದ ಇರುತ್ತದೆ. ವೈಫೈನ 2.4 ಗಿಗಾಹರ್ಟ್ಸ್ ಅಲೆ ಹನ್ನೆರಡೂವರೆ ಸೆಂಟಿಮೀಟರ್, 5 ಗಿಗಾಹರ್ಟ್ಸಿನದು ಆರು ಸೆಂಟಿಮೀಟರ್. ಆಳೆತ್ತರದ ಕಬ್ಬಿಣದ ಹಾಳೆಯ ಮುಂದೆ ಇವುಗಳ ಆಟ ನಡೆಯುವುದಿಲ್ಲ, ಬಡಿದು ಹೊಳ್ಳಿ ಬರುತ್ತವೆ. ಅದರ ಆಚೆ ನಮ್ಮದು ಹಳೇ ಹೆಂಚಿನ ಮನೆ, ಒಂದೂವರೆ ಮೊಳದ ಮಣ್ಣಿನ ಗೋಡೆ. ಬೇಸಿಗೆಯಲ್ಲಿ ತಂಪು, ವೈಫೈಗೆ ಶತ್ರು. ಗದಗ, ಹಾವೇರಿ ಕಡೆಯ ಹಳೇ ಮನೆಗಳವರಿಗೂ ಇದು ಗೊತ್ತಿರುತ್ತದೆ. ದೊಡ್ಡ ಕನ್ನಡಿ, ಫ್ರಿಜ್, ನೀರಿನ ಟಾಕಿ ಇವೂ ಹಾಗೆಯೇ, ಪೆಟ್ಟಿಗೆಯ ನೆರೆಯಲ್ಲಿ ಇರಬಾರದು.

ಪೆಟ್ಟಿಗೆ ಹೊರಗೆ ತೆಗೆಯಲು ತಿಜೋರಿ ಸರಿಸಬೇಕು. ಕೈ ಹಾಕಿದೆನೋ ಇಲ್ಲವೋ, ವೈನಿ ಬಾಗಿಲಿನಲ್ಲಿ ನಿಂತಿದ್ದರು. "ಏನಪಾ ತಮ್ಮಾ, ಲಕ್ಷ್ಮಿ ಕೂಡಿಸೂ ಜಾಗಾ ಅದು. ಹಬ್ಬ ಮುಗಿಯೋತನಾ ತಿಜೋರಿ ಅಳ್ಳಾಡಿಸೂದಲ್ಲ." ಆ ಮಾತಿಗೆ ನಮ್ಮ ಮನೆಯಲ್ಲಿ ಅಪೀಲು ಇಲ್ಲ.

ಇರಲಿ, ಲ್ಯಾಪ್‌ಟಾಪಿನೊಳಗಿನವನನ್ನಾದರೂ ಹಿಡಿಯೋಣ ಅಂದುಕೊಂಡೆ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂಡ್ ಇಂಟರ್‌ನೆಟ್, ಅಲ್ಲಿ ವೈಫೈ, ಅಲ್ಲಿ ನಿಮ್ಮ ವೈಫೈ ಹೆಸರಿನ ಪ್ರಾಪರ್ಟೀಸ್. ಕೆಳಗೆ ಸರಿಸಿದರೆ ಎರಡು ಸಾಲು ಸಿಗುತ್ತವೆ: ನೆಟ್‌ವರ್ಕ್ ಬ್ಯಾಂಡ್, ಅಂದರೆ ವೈಫೈ ಯಾವ ಅಲೆಯ ಮೇಲೆ ಓಡುತ್ತಿದೆ ಅನ್ನುವುದು, ಮತ್ತು ಲಿಂಕ್ ಸ್ಪೀಡ್, ಅಂದರೆ ಪೆಟ್ಟಿಗೆಗೂ ಲ್ಯಾಪ್‌ಟಾಪಿಗೂ ನಡುವಿನ ವೇಗ. ನಮ್ಮಲ್ಲಿ 2.4 ಗಿಗಾಹರ್ಟ್ಸ್, 72 ಎಂಬಿಪಿಎಸ್ ಅಂತ ಇತ್ತು. ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದರೂ!

ಈ ಎರಡು ಬ್ಯಾಂಡುಗಳ ಲೆಕ್ಕ ಹೇಳುತ್ತೇನೆ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸಿಗೆ ಬೇರೆಯೇ ದಾರಿ ಇದೆಯಲ್ಲ, 5 ಗಿಗಾಹರ್ಟ್ಸ್ ಆ ದಾರಿ. ಅಗಲ, ಗದ್ದಲ ಕಡಿಮೆ, ಆದರೆ ಎಲ್ಲ ಓಣಿಯೊಳಗೂ ನುಗ್ಗುವುದಿಲ್ಲ. ದಪ್ಪ ಗೋಡೆ ಬಂದರೆ ಸೋಲುತ್ತದೆ. 2.4 ಅಂದರೆ ಪಕ್ಕದ ಮಾಮೂಲಿ ರಸ್ತೆ. ದೂರ ಮುಟ್ಟುತ್ತದೆ, ಆದರೆ ಅದರ ಮೇಲೆ ಆಟೋ, ಟ್ರ್ಯಾಕ್ಟರ್, ದನ ಎಲ್ಲವೂ. ಬ್ಲೂಟೂತ್ ಇಲ್ಲೇ ಓಡುತ್ತದೆ, ಅಡುಗೆಮನೆಯ ಮೈಕ್ರೋವೇವ್ ಒಲೆ ಇಲ್ಲೇ ಗುಂಯ್ ಅನ್ನುತ್ತದೆ, ಅಕ್ಕಪಕ್ಕದ ಮನೆಗಳ ವೈಫೈ ಕೂಡ ಇಲ್ಲೇ. ಇದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಅಂತ ಇರುವುದು ಮೂರೇ: 1, 6, 11. ವಿದ್ಯಾನಗರದ ಅಪಾರ್ಟ್‌ಮೆಂಟಿನಲ್ಲಿ ಇರುವವರು ಮೊಬೈಲ್ ತೆಗೆದು ಎಷ್ಟು ವೈಫೈ ಹೆಸರು ಕಾಣುತ್ತವೆ ಎಣಿಸಿ ನೋಡಿ. ಅವರೆಲ್ಲರಿಗೂ ಈ ಮೂರು ಚಾನೆಲ್ಲೇ ಗತಿ.

ಹಾಗಾದರೆ ನಮ್ಮ ಲ್ಯಾಪ್‌ಟಾಪ್ ಚಿಗರಿ ದಾರಿ ಬಿಟ್ಟು ಈ ರಸ್ತೆಗೆ ಯಾಕೆ ಇಳಿಯಿತು? ಡ್ರೈವರ್. ವೈಫೈ ಕಾರ್ಡಿಗೂ ವಿಂಡೋಸಿಗೂ ನಡುವೆ ಮಾತುಕತೆ ನಡೆಸುವ ಸಣ್ಣ ಸಾಫ್ಟ್‌ವೇರಿಗೆ ಡ್ರೈವರ್ ಅನ್ನುತ್ತಾರೆ. ದೊಡ್ಡ ಅಪ್‌ಗ್ರೇಡ್ ಆದಾಗ ಇದು ಬದಲಾಗಬಹುದು, ಅಥವಾ ಹಳೆಯದೇ ಮುಂದುವರಿದು ಹೊಂದಿಕೆ ತಪ್ಪಬಹುದು, ನಾವು ಮೊದಲು ಮಾಡಿಟ್ಟ ಸೆಟ್ಟಿಂಗೂ ಅಳಿಸಿಹೋಗಬಹುದು. ಪರಿಚಯವಿಲ್ಲದ ಟ್ರ್ಯಾಕ್ಟರ್ ಹತ್ತಿದ ಡ್ರೈವರ್ ಹಾಗೆ. ಓಡಿಸುತ್ತಾನೆ, ಆದರೆ ಎರಡನೇ ಗೇರು ದಾಟುವುದಿಲ್ಲ. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಡಿವೈಸ್ ಮ್ಯಾನೇಜರ್ ಸಿಗುತ್ತದೆ. ಅಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ವೈಫೈ ಕಾರ್ಡಿನ ಹೆಸರು. ಅದರ ಪ್ರಾಪರ್ಟೀಸಿನ ಡ್ರೈವರ್ ಪುಟದಲ್ಲಿ ತಾರೀಖು ಇರುತ್ತದೆ. ನಮ್ಮದು 2019ನೇ ಇಸವಿಯದು. ಲ್ಯಾಪ್‌ಟಾಪ್ ಕಂಪನಿಯ ಸ್ವಂತ ಸೈಟಿಗೆ ಹೋಗಿ, ತಳದಲ್ಲಿ ಅಂಟಿಸಿದ ಮಾಡೆಲ್ ನಂಬರ್ ಹಾಕಿ ಹೊಸ ಡ್ರೈವರ್ ಇಳಿಸಿ ಹಾಕಿದೆ. ಗೂಗಲ್ಲಿನಲ್ಲಿ ಹುಡುಕಿ ಯಾವುದೋ ಸೈಟಿನಿಂದ 'ಡ್ರೈವರ್ ಅಪ್‌ಡೇಟರ್' ಇಳಿಸಿಕೊಳ್ಳಬೇಡಿ. ಇದೊಂದನ್ನು ಮಾತ್ರ ಕೈಮುಗಿದು ಹೇಳುತ್ತೇನೆ. ನಿಮ್ಮದು ಉಲ್ಟಾ ಆಗಿದ್ದರೆ, ಅಂದರೆ ಹೊಸ ಡ್ರೈವರ್ ಬಂದಮೇಲೆಯೇ ಕೆಟ್ಟಿದ್ದರೆ, ಅದೇ ಪುಟದಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಇದೆ. ಪಕ್ಕದ ಪವರ್ ಮ್ಯಾನೇಜ್‌ಮೆಂಟ್ ಪುಟ ಕೆಲವು ಲ್ಯಾಪ್‌ಟಾಪಿನಲ್ಲಿ ಇರುತ್ತದೆ. ಬ್ಯಾಟರಿ ಉಳಿಸಲಿಕ್ಕೆ ಕಾರ್ಡನ್ನು ಮಲಗಿಸಬಹುದು ಅನ್ನುವ ಗುರುತು ಅಲ್ಲಿದ್ದರೆ ತೆಗೆದುಬಿಡಿ.

ಪೆಟ್ಟಿಗೆಯ ಪಕ್ಕ ಈಗ 92! ಲಿಂಕ್ ಸ್ಪೀಡ್ 433, ಬ್ಯಾಂಡ್ 5. ಖುಷಿಯಿಂದ ಮಗಳ ಕೋಣೆಗೆ ಓಡಿದೆ. ಅಲ್ಲಿ 9. ಆರು ಇದ್ದದ್ದು ಒಂಬತ್ತು. ತಿಜೋರಿ ದಾಟುವುದು 5 ಗಿಗಾಹರ್ಟ್ಸಿಗೆ ಇನ್ನೂ ಕಷ್ಟ, ಲ್ಯಾಪ್‌ಟಾಪ್ ಮತ್ತೆ 2.4ಕ್ಕೆ ಇಳಿದಿತ್ತು. ಪೆಟ್ಟಿಗೆಯ ಪಕ್ಕದ ಲೆಕ್ಕ ಕೈಯಲ್ಲಿ ಇರದಿದ್ದರೆ ಡ್ರೈವರಿನಿಂದ ಏನೂ ಆಗಲಿಲ್ಲ ಅಂತ ಅವತ್ತೇ ಕೈಚೆಲ್ಲಿ 'ಗೋ ಬ್ಯಾಕ್' ಒತ್ತಿಬಿಡುತ್ತಿದ್ದೆ. ಹಳೇ ವಿಂಡೋಸಿಗೆ ಹೋದರೂ ತಿಜೋರಿ ಅಲ್ಲೇ ಇರುತ್ತಿತ್ತು, ಅಲ್ವಾ?

ನಡುವೆ ಇನ್ನೊಂದು ಸಣ್ಣ ಸಂಗತಿ. ಅಪ್‌ಗ್ರೇಡ್ ಆದ ಮೊದಲ ಒಂದೆರಡು ದಿನ ಕಂಪ್ಯೂಟರ್ ಹಿಂದೆ ಬಹಳ ಕೆಲಸ ನಡೆಸುತ್ತಿರುತ್ತದೆ. ಆಪ್‌ಗಳು ಹೊಸದಾಗುತ್ತವೆ, ಫೋಟೋ, ಫೈಲು ಕ್ಲೌಡಿಗೆ, ಅಂದರೆ ಇಂಟರ್‌ನೆಟ್ಟಿನ ಮೇಲಿನ ಕಪಾಟಿಗೆ ಏರುತ್ತವೆ. ಏರುವ ದಾರಿ ತುಂಬಿದರೆ ಇಳಿಯುವುದೂ ನಿಧಾನ ಆಗುತ್ತದೆ, ಯಾಕಂದರೆ ಬಂದ ಮಾಲಿಗೆ 'ಮುಟ್ಟಿತು' ಅನ್ನುವ ರಶೀದಿ ಅದೇ ದಾರಿಯಲ್ಲಿ ಹೋಗಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ನೆಟ್‌ವರ್ಕ್ ಅನ್ನುವ ಕಾಲಮ್ಮಿನ ಮೇಲೆ ಒತ್ತಿದರೆ ಯಾರು ಜಾಸ್ತಿ ಕುಡಿಯುತ್ತಿದ್ದಾರೆ ಅಂತ ಮೇಲೆಯೇ ಕಾಣುತ್ತದೆ. ಒಂದು ರಾತ್ರಿ ಚಾರ್ಜರ್ ಹಚ್ಚಿ, ಲ್ಯಾಪ್‌ಟಾಪ್ ಮಲಗದಂತೆ ತೆರೆದಿಟ್ಟರೆ ಬಹಳಷ್ಟು ಮುಗಿದುಹೋಗುತ್ತದೆ.

ಹಬ್ಬದ ತನಕ ಮಗಳು ಪಡಸಾಲೆಯಲ್ಲಿ, ತಿಜೋರಿಯ ಪಕ್ಕ ಚಾಪೆ ಹಾಸಿ ಮೀಟಿಂಗ್ ಮಾಡಿದಳು. ಬೆಂಗಳೂರಿನವರಿಗೆ ಅವಳ ಹಿಂದೆ ಕರದಂಟು ಕಟ್ಟುವವರೂ, ಆಕಾಶಬುಟ್ಟಿ ಅಂಟಿಸುವವರೂ ಕಂಡರಂತೆ. ಅಮಾವಾಸ್ಯೆಗೆ ಲಕ್ಷ್ಮಿ ಕೂತಳು. ಪಾಡ್ಯದ ದಿನ ಹೊಸ್ತಿಲಲ್ಲಿ ಸಗಣಿಯ ಪಾಂಡವರನ್ನು ಇಟ್ಟು ಪೂಜೆ ಆಯಿತು. ಹತ್ತು ದಿನದ ಗಡುವು ಅವತ್ತೇ ಮುಗಿಯಿತು, ನಾನು ಆ ಗುಂಡಿ ಮುಟ್ಟಲಿಲ್ಲ. ಮರುದಿನ ವೈನಿಯೇ, "ಈಗ ಸರಸ್ರಪಾ ನಿಮ್ಮ ತಿಜೋರಿ" ಅಂದರು.

ಪೆಟ್ಟಿಗೆಯನ್ನು ಹೊರತೆಗೆದು ನಡುಮನೆಯ ಗೋಡೆಯ ಎತ್ತರದ ಗೂಡಿನಲ್ಲಿ ಇಟ್ಟೆವು. ಮೊದಲು ಅಲ್ಲಿ ಕಂದೀಲು ಇರುತ್ತಿತ್ತು. ಅಲ್ಲಿಂದ ಎಲ್ಲ ಕೋಣೆಯ ಬಾಗಿಲೂ ಕಾಣುತ್ತವೆ, ತರಂಗ ಗೋಡೆ ಒಡೆದು ಹೋಗುವ ಬದಲು ಬಾಗಿಲಿನಿಂದ ಹೋಗುತ್ತದೆ. ಮಗಳ ಕುರ್ಚಿಯಲ್ಲಿ ಕೂತು ನೋಡಿದೆ. 86.

ಸಂಜೆ ನೋಡಿದರೆ ಗೂಡಿನಲ್ಲಿ ಪೆಟ್ಟಿಗೆಗೂ ಒಂದು ಚೆಂಡುಹೂವು ಏರಿತ್ತು, ಕುಂಕುಮ ಹಚ್ಚಿತ್ತು. ಹೂವಿನಿಂದ ಸಿಗ್ನಲ್ಲಿಗೆ ಏನೂ ಆಗುವುದಿಲ್ಲ ಅಂತ ವೈನಿಗೆ ಹೇಳಿದ್ದೇನೆ. ತೀರ್ಥ ಮಾತ್ರ ಚಿಮುಕಿಸಬೇಡ್ರಿ ಅಂದಿದ್ದೇನೆ.

ನಮಸ್ಕಾರ.