ಗುಂಯ್‌ಗುಡುವ ಬಾಸ್ ಪೆಟ್ಟಿಗೆಯನ್ನು ತಿದ್ದುವ ಬಗೆ

ಸ್ನೇಹಿತರೇ, ಐದು ಪುಟ್ಟ ಸ್ಪೀಕರು, ಜೊತೆಗೊಂದು ಬಾಸ್ ಪೆಟ್ಟಿಗೆ: ಇಂಥ ಹೋಮ್ ಥಿಯೇಟರ್ ಸೆಟ್ಟಿನ ಬಗ್ಗೆ ಸಾಮಾನ್ಯವಾಗಿ ಬರುವ ದೂರು ‘ಬಾಸ್ ಸಾಲದು’ ಎಂಬುದು. ಕಿವಿಗೊಟ್ಟು ಕೇಳಿದರೆ ಕೊರತೆ ಬೇರೆಯೇ ಇರುತ್ತದೆ. ಮೃದಂಗದ ತೊಪ್ಪಿ, ಬಾಸ್ ಗಿಟಾರು, ಸಿನಿಮಾದ ಸ್ಫೋಟ, ಮೂರೂ ಒಂದೇ ‘ಗುಂ’ ಆಗಿ ಬರುತ್ತವೆ. ಅಗ್ಗದ ಪೆಟ್ಟಿಗೆಗಳಲ್ಲಿ 60ರಿಂದ 80 ಹರ್ಟ್ಸ್ (ಸೆಕೆಂಡಿಗೆ ಕಂಪನಗಳು) ನಡುವೆ ಸದ್ದಿನ ಒಂದು ಉಬ್ಬು ಇರುತ್ತದೆ, ಅದರ ಕೆಳಗೆ ಹೆಚ್ಚೇನೂ ಇರುವುದಿಲ್ಲ. ತಿದ್ದಬೇಕಾದ್ದು ಆ ಉಬ್ಬನ್ನು. ದೊಡ್ಡ ವೂಫರ್ (ಬಾಸ್ ನುಡಿಸುವ ಸ್ಪೀಕರು) ಕೊಳ್ಳುವುದು ಕೊನೆಯ ಕೆಲಸ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಕೋಣೆ ಅಳೆಯಿರಿ. ಎದುರುಬದುರು ಗೋಡೆಗಳ ಅಂತರ ಮೀಟರಿನಲ್ಲಿ ಎಷ್ಟೋ ಅದರ ಎರಡರಷ್ಟರಿಂದ 343ನ್ನು (ಸದ್ದು ಸೆಕೆಂಡಿಗೆ ಸಾಗುವ ಮೀಟರುಗಳು) ಭಾಗಿಸಿ. 12 ಅಡಿಗೆ ಸುಮಾರು 47 ಹರ್ಟ್ಸ್, 10 ಅಡಿಗೆ 56 ಬರುತ್ತದೆ. ಆ ಸ್ವರಗಳು ಕೋಣೆಯಲ್ಲಿ ಬೇಗ ಅಡಗುವುದಿಲ್ಲ. ನಮ್ಮ ಇಟ್ಟಿಗೆ ಗೋಡೆ, ಆರ್‌ಸಿಸಿ ಸೂರು ಬಾಸನ್ನು ಹೀರುವುದೇ ಕಡಿಮೆ. ಪೆಟ್ಟಿಗೆಯನ್ನು ಮೂಲೆಗೆ ತಳ್ಳಿದರಂತೂ ಎಲ್ಲ ಅನುರಣನಗಳೂ ಒಟ್ಟಿಗೆ ಕೆರಳುತ್ತವೆ. ಅದನ್ನು ನೀವು ಕೂರುವ ಸೋಫಾದ ಮೇಲಿಟ್ಟು, ಬಾಸ್ ಗಿಟಾರ್ ಚೆನ್ನಾಗಿರುವ ಹಾಡು ಹಾಕಿ, ಗೋಡೆಗುಂಟ ಅಂಬೆಗಾಲಿಕ್ಕುತ್ತ ಕೇಳಿ. ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುವ ಜಾಗದಲ್ಲೇ ಪೆಟ್ಟಿಗೆ ಇರಲಿ.

ಇನ್ನು ಪೆಟ್ಟಿಗೆಗೆ ಬರೋಣ. ಮೊಬೈಲನ್ನು ಸೆಟ್ಟಿಗೆ ಜೋಡಿಸಿ 30 ಹರ್ಟ್ಸ್ ಸ್ವರವನ್ನು ಮೆಲ್ಲಗೆ ನುಡಿಸುತ್ತ, ಅಂಚು ಮತ್ತು ತಂತಿ ಸಿಕ್ಕಿಸುವ ಟರ್ಮಿನಲ್ ತಟ್ಟೆಯ ಸುತ್ತ ಊದುಬತ್ತಿ ಹಿಡಿಯಿರಿ. ಹೊಗೆ ನಡುಗಿದಲ್ಲೆಲ್ಲ ಗಾಳಿ ಸೋರುತ್ತಿದೆ ಎಂದರ್ಥ. ನಂತರ ಪ್ಲಗ್ ಕಿತ್ತು, ಒಳಗೇ ಆಂಪ್ಲಿಫೈಯರ್ ಇದ್ದರೆ ಕೆಪಾಸಿಟರ್ ಇಳಿಯಲು ಹತ್ತು ನಿಮಿಷ ಬಿಟ್ಟು ಬಿಚ್ಚಿ. ಆಗಲೂ ಸರ್ಕ್ಯೂಟಿಗೆ ಕೈ ತಾಕಿಸಬೇಡಿ. ಸಂದುಗಳಿಗೆ ಸಿಲಿಕೋನ್ ಹಚ್ಚಿದರೆ ಒಂದು ದಿನ ಪೂರ್ತಿ ಒಣಗಲಿ. ವಿನೆಗರ್ ವಾಸನೆ ಇರುವಾಗಲೇ ವೂಫರ್ ಕೂರಿಸಬೇಡಿ, ಆ ಆವಿ ಒಳಗಿನ ಲೋಹಕ್ಕೆ ಒಳ್ಳೆಯದಲ್ಲ.

ಹಲಗೆಗಳು ಬಹುಪಾಲು 9 ಅಥವಾ 12 ಮಿಲಿಮೀಟರಿನ ಪಾರ್ಟಿಕಲ್ ಬೋರ್ಡು. ಬೆರಳಿನಿಂದ ತಟ್ಟಿದರೆ ಡೊಳ್ಳಿನ ಹಾಗೆ ನುಡಿಯುತ್ತವೆ. 18 ಮಿಲಿಮೀಟರ್ ಪ್ಲೈವುಡ್ಡಿನ ಪಟ್ಟಿಯನ್ನು ಎರಡು ಪಕ್ಕದ ಹಲಗೆಗಳ ನಡುವೆ ಬಿಗಿಯಾಗಿ ಅಡ್ಡಕ್ಕೆ ಕೊಟ್ಟು, ಮರದ ಅಂಟು ಹಾಕಿ ರಾತ್ರಿಯಿಡೀ ಬಿಗಿಹಿಡಿಸಿ. ಪಟ್ಟಿ ನಟ್ಟನಡುವೆ ಬೇಡ, ಸ್ವಲ್ಪ ಆಚೀಚೆ ಇರಲಿ. ಎರಡು ಅರ್ಧಗಳೂ ಸಮವಾದರೆ ಒಂದೇ ಸ್ವರಕ್ಕೆ ನಡುಗುತ್ತವೆ.

ನಿಜವಾದ ಕೆಲಸವಿರುವುದು ಪೋರ್ಟ್ ಕೊಳವೆಯಲ್ಲಿ, ಅಂದರೆ ಪೆಟ್ಟಿಗೆಯ ಗಾಳಿ ಒಳಗೂ ಹೊರಗೂ ಆಡುವ ತೂತಿನ ಕೊಳವೆಯಲ್ಲಿ. 20 ಲೀಟರ್ ಪೆಟ್ಟಿಗೆಗೆ 5 ಸೆಂಟಿಮೀಟರ್ ಒಳವ್ಯಾಸದ, ಬರೀ 5 ಸೆಂಟಿಮೀಟರ್ ಉದ್ದದ ಕೊಳವೆ ಇದ್ದರೆ ಅದು ಸುಮಾರು 58 ಹರ್ಟ್ಸ್‌ಗೆ ಶ್ರುತಿಯಾಗಿರುತ್ತದೆ, ಅಂದರೆ ಆ ಸ್ವರಕ್ಕೇ ಅದರ ಗಾಳಿ ಜೋರಾಗಿ ನುಡಿಯುತ್ತದೆ. ಕೊಳವೆಯನ್ನು 15 ಸೆಂಟಿಮೀಟರಿಗೆ ಉದ್ದ ಮಾಡಿದರೆ ಶ್ರುತಿ 40ಕ್ಕೆ ಇಳಿಯುತ್ತದೆ. ಪಿವಿಸಿ ಕತ್ತರಿಸುವ ಮುಂಚೆ ದಪ್ಪ ರಟ್ಟಿನ ಸುರುಳಿಯನ್ನು ಪೋರ್ಟಿಗೆ ಸಿಕ್ಕಿಸಿ ಹೊರಕ್ಕೆ ಚಾಚಿಸಿ, ಪೆಟ್ಟಿಗೆ ಬಿಚ್ಚದೆಯೇ ವ್ಯತ್ಯಾಸ ಕೇಳಬಹುದು. ಶ್ರುತಿ ಎಲ್ಲಿದೆ ಎಂದು ತಿಳಿಯಲು ವೂಫರ್ ಮೇಲ್ಮುಖವಾಗಿರುವಂತೆ ಪೆಟ್ಟಿಗೆ ಮಲಗಿಸಿ, ಅದರ ಅಲುಗುವ ಶಂಕುವಾದ ಕೋನಿನ ಮೇಲೆ ನಾಲ್ಕು ಸಾಸಿವೆ ಕಾಳು ಹಾಕಿ, ಸ್ವರವನ್ನು 80ರಿಂದ ಕೆಳಕ್ಕೆ ತನ್ನಿ. ಕುಣಿಯುವ ಕಾಳುಗಳು ಒಂದು ಹಂತದಲ್ಲಿ ತಣ್ಣಗಾಗಿ ಮತ್ತೆ ಕುಣಿಯುತ್ತವೆ. ತಣ್ಣಗಾದದ್ದೇ ಶ್ರುತಿ, ಏಕೆಂದರೆ ಅಲ್ಲಿ ಸದ್ದನ್ನು ಕೊಳವೆಯ ಗಾಳಿಯೇ ಹೊರಡಿಸುತ್ತದೆ, ಕೋನ್ ಹೆಚ್ಚು ಅಲುಗುವುದಿಲ್ಲ.

ಅದಕ್ಕಿಂತ ಕೆಳಗೆ ಹೋದರೆ ಅಪಾಯ. ಅಲ್ಲಿ ಕೋನಿಗೆ ಗಾಳಿಯ ಹಿಡಿತವೇ ಇರುವುದಿಲ್ಲ, ವಾಯ್ಸ್ ಕಾಯಿಲ್ (ಕೋನಿಗೆ ಅಂಟಿದ ತಂತಿಸುರುಳಿ) ತಳಕ್ಕೆ ಬಡಿದು ‘ಟಕ್’ ಎನ್ನುತ್ತದೆ. ಕಡಿಮೆ ಶ್ರುತಿಯಲ್ಲಿ ಸಣ್ಣ ಕೊಳವೆ ಬುಸುಗುಡುವುದೂ ಉಂಟು. ಅಗಲ ಮಾಡೋಣವೆಂದರೆ, 7.5 ಸೆಂಟಿಮೀಟರ್ ವ್ಯಾಸಕ್ಕೆ ಅದೇ 40 ಹರ್ಟ್ಸ್ ಬರಲು ಸುಮಾರು 36 ಸೆಂಟಿಮೀಟರ್ ಉದ್ದ ಬೇಕು. ಅದು ಎಲ್ಬೋ ಹಾಕದೆ ಒಳಗೆ ಹಿಡಿಸುವುದಿಲ್ಲ. ಕೊಳವೆಯ ಬಾಯಿ ಹಿಂದಿನ ಹಲಗೆಯಿಂದ ಕನಿಷ್ಠ ತನ್ನ ವ್ಯಾಸದಷ್ಟು ದೂರವಿರಲಿ.

ಸಂಗೀತವನ್ನೇ ಹೆಚ್ಚು ಕೇಳುವವರಿಗೆ, ಅದರಲ್ಲೂ ಸಣ್ಣ ಕೋಣೆಯಲ್ಲಿ, ಪೋರ್ಟನ್ನು ಮುಚ್ಚಿಬಿಡುವುದೇ ಮೇಲು. ಬಿಗಿಯಾಗಿ ಸುತ್ತಿದ ಸ್ಪಂಜು ತುರುಕಿ ಒಂದು ವಾರ ಕೇಳಿ, ಹಿಡಿಸಿದರೆ ಮರದ ಬಿಲ್ಲೆ ಅಂಟಿಸಿ. ಸದ್ದಿನ ಗಾತ್ರ ತಗ್ಗುತ್ತದೆ, ಆದರೆ ಕೆಳಸ್ವರಗಳತ್ತ ಸದ್ದಿನ ಇಳಿತ ಪ್ರತಿ ಆಕ್ಟೇವಿಗೆ (ಹರ್ಟ್ಸ್ ಅರ್ಧವಾದಾಗಲೆಲ್ಲ) 24ರ ಬದಲು 12 ಡೆಸಿಬೆಲ್ ಆಗಿ ಮೆಲ್ಲಗಾಗುತ್ತದೆ. ಮುಚ್ಚಿದ ಪೆಟ್ಟಿಗೆಗೆ ದಿಂಬಿನ ಪಾಲಿಯೆಸ್ಟರ್ ಹತ್ತಿಯನ್ನು ಸಡಿಲವಾಗಿ ತುಂಬಿ. ಪೋರ್ಟ್ ಉಳಿಸಿಕೊಂಡವರು ಗೋಡೆಗೆ ಮಾತ್ರ ಒಂದಿಂಚು ಹೊದಿಸಿ, ಕೊಳವೆಯ ಬಾಯಿ ತೆರವಿರಲಿ. ಆಂಪ್ಲಿಫೈಯರಿನ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹ) ಮೇಲೆ ಹತ್ತಿ ಬೀಳಲೇಬಾರದು.

ಇಷ್ಟಾದ ಮೇಲೂ ವೂಫರ್ ಬದಲಿಸಬೇಕೆನಿಸಿದರೆ ಮೊದಲು ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ನೋಡಿ. 8 ಓಮಿನ ಜಾಗಕ್ಕೆ 4 ಓಮ್ ಹಾಕಿದರೆ ಕರೆಂಟ್ ಸುಮಾರು ಎರಡು ಪಟ್ಟಾಗಿ ಆಂಪ್ಲಿಫೈಯರ್ ಕೈಕೊಡುತ್ತದೆ. ಸೆಟ್ಟಿನ ಜೊತೆ ಬಂದ 3 ಓಮ್ ವೂಫರಿಗೆ ಬದಲಾಗಿ 8 ಓಮ್ ಹಾಕಿದರೆ ಏನೂ ಸುಡುವುದಿಲ್ಲ, ಆದರೆ ಶಕ್ತಿ ಅರ್ಧಕ್ಕಿಂತ ಕಡಿಮೆ. ಎರಡನೆಯದು ಪೆಟ್ಟಿಗೆಯ ಅಳತೆ. ಕ್ಯೂಟಿಎಸ್ (ವೂಫರ್ ತಾನಾಗಿ ಎಷ್ಟು ಅನುರಣಿಸುತ್ತದೆಂಬ ಅಂಕಿ) 0.4, ವಿಎಎಸ್ (ಕೋನ್ ಹಿಡಿದಿರುವ ಸ್ಪ್ರಿಂಗಿನಷ್ಟೇ ಬಿಗಿ ಕೊಡುವ ಗಾಳಿಯ ಗಾತ್ರ) 40 ಲೀಟರ್ ಇರುವ ವೂಫರ್ ಮುಚ್ಚಿದ 20 ಲೀಟರಿನಲ್ಲಿ 0.7ರ ಹತ್ತಿರದ ಕ್ಯೂ (ಪೆಟ್ಟಿಗೆಯೂ ಸೇರಿದ ಅನುರಣನದ ಅಂಕಿ) ಕೊಟ್ಟು ಸಮನಾಗಿ ನುಡಿಯುತ್ತದೆ. ಅದನ್ನೇ 8 ಲೀಟರಿಗೆ ತುರುಕಿದರೆ ಕ್ಯೂ 0.98, ಓಡಿಸಲು ಹೊರಟಿದ್ದ ಗುಂಯ್‌ಗುಡುವಿಕೆ ಮತ್ತೆ ಹಾಜರು.

ಕ್ರಾಸ್‌ಓವರನ್ನು, ಅಂದರೆ ಪುಟ್ಟ ಸ್ಪೀಕರುಗಳು ಬಿಟ್ಟು ಬಾಸ್ ಪೆಟ್ಟಿಗೆ ಹಿಡಿಯುವ ಗಡಿಯನ್ನು, 80 ಹರ್ಟ್ಸ್‌ನಿಂದ ಆರಂಭಿಸಿ. ಮೂರಿಂಚಿನ ಪುಟ್ಟ ಸ್ಪೀಕರುಗಳಿಗೆ 120 ಕೂಡ ಬೇಕಾದೀತು. ಆ ಕ್ರಾಸ್‌ಓವರ್ ಸ್ವರವನ್ನು ನುಡಿಸುತ್ತ ಫೇಸ್ ಸ್ವಿಚ್ಚನ್ನು (ಕೋನ್ ಮುಂದೆ ಬರುವ ಬದಲು ಹಿಂದೆ ಹೋಗುವಂತೆ ತಿರುಗಿಸುವುದು) ತಿರುಗಿಸಿ, ಕೂರುವ ಜಾಗದಲ್ಲಿ ಯಾವ ಸ್ಥಾನದಲ್ಲಿ ಸದ್ದು ಜೋರಾಗುತ್ತದೋ ಅಲ್ಲೇ ಬಿಡಿ. ಸ್ವಿಚ್ ಇಲ್ಲದ ಪೆಟ್ಟಿಗೆಯಾದರೆ, ವಿದ್ಯುತ್ ಆರಿಸಿ ವೂಫರಿನ ಎರಡು ತಂತಿಗಳನ್ನು ಅದಲುಬದಲು ಮಾಡಿ ನೋಡಿ.