ಐದು ವರ್ಷ ತುಂಬಿದ ವಿಮಾನ

ಕೇಳುಗರಿಗೆ ನಮಸ್ಕಾರ.

ಎಟಿಆರ್ ಅಂತ ಒಂದು ಸಣ್ಣ ವಿಮಾನ ಇದೆ. ಎರಡು ಫ್ಯಾನು, ತಲೆಯ ಮೇಲೆ ರೆಕ್ಕೆ. ಹತ್ತುವುದು ಹಿಂಬಾಗಿಲಿನಿಂದ, ನಮ್ಮ ಹಳೇ ಬಸ್ಸುಗಳ ಹಾಗೆ. ನಡುವಿನ ಸೀಟು ಸಿಕ್ಕಿದರೆ ಕಿಟಕಿಯಿಂದ ಕೆಳಗೆ ಚಕ್ರ ಕಾಣುತ್ತದೆ. ನೆಲ ಬಿಟ್ಟ ಕೂಡಲೇ ಅದು ಕಾಲು ಮಡಚಿಕೊಂಡು ಹೊಟ್ಟೆಯೊಳಗೆ ಹೋಗುತ್ತದೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವಾಗ ನನ್ನ ಪಕ್ಕ ಬ್ಯಾಡಗಿ ಕಡೆಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಕೂತಿದ್ದರು. ಮೊದಲ ವಿಮಾನಯಾನ. ಚಕ್ರ ಮಾಯವಾಗಿದ್ದೇ ತಡ, ನನ್ನ ತೋಳು ಹಿಡಿದು ಕೇಳಿದರು: "ಇಳಿಯೂ ಮುಂದ ಮತ್ತ ಹೊರಗ ಬರ್ತದಲ್ರೀ?"

ಅಂಥವರನ್ನು ವಿಮಾನ ಹತ್ತಿಸಿದ್ದು ಏರ್ ಡೆಕ್ಕನ್ ಅನ್ನುವ ಅಗ್ಗದ ಟಿಕೆಟ್ಟಿನ ವಿಮಾನ ಕಂಪನಿ. ಇವತ್ತು ಅದರ ಮಾತು.

ಕಟ್ಟಿದವರು ಕ್ಯಾಪ್ಟನ್ ಜಿ.ಆರ್. ಗೋಪಿನಾಥ್, ಹಾಸನ ಜಿಲ್ಲೆಯ ಗೊರೂರಿನವರು. ಸೈನ್ಯ ಬಿಟ್ಟು ಬಂದು ಜಾವಗಲ್ ಹತ್ತಿರ ರೇಷ್ಮೆ ಬೆಳೆದರು. ಆಮೇಲೆ ಸ್ನೇಹಿತರ ಜೊತೆ ಸೇರಿ ಹೆಲಿಕಾಪ್ಟರ್ ಬಾಡಿಗೆಗೆ ಕೊಡುವ ಕಂಪನಿ ಶುರು ಮಾಡಿದರು. 2003ರ ಆಗಸ್ಟಿನಲ್ಲಿ ಬೆಂಗಳೂರಿನಿಂದ ವಿಮಾನಗಳು ಹಾರತೊಡಗಿದವು. 48 ಸೀಟಿನ ಎಟಿಆರ್‌ಗಳು, ಹುಬ್ಬಳ್ಳಿ, ಮಂಗಳೂರಿನಂಥ ಊರುಗಳಿಗೆ. ಹೈದರಾಬಾದಿನಿಂದ ವಿಜಯವಾಡಕ್ಕೆ ಸೇವೆ ಉದ್ಘಾಟನೆಯಾದ ದಿನ, ದೊಡ್ಡ ದೊಡ್ಡ ರಾಜಕಾರಣಿಗಳು ಒಳಗೆ ಕೂತಿರುವಾಗಲೇ ಎಂಜಿನ್‌ಗೆ ಬೆಂಕಿ ಹತ್ತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಬೀಗ ಹಾಕುತ್ತಿದ್ದರೇನೋ.

ಕಡಿಮೆ ಬೆಲೆಯ ಗುಟ್ಟೇನು? ವಿಮಾನದ ಖಾಲಿ ಸೀಟು ಅಂದರೆ ಸಂತೆ ಮುಗಿದ ಮೇಲಿನ ಟೊಮೆಟೊ ಇದ್ದ ಹಾಗೆ. ಹಾರಿದ ಮೇಲೆ ಅದಕ್ಕೆ ಕಾಸಿನ ಬೆಲೆ ಇಲ್ಲ. ಹಾಗಾಗಿ ಮುಂಚೆ ಕೊಂಡವರಿಗೆ ಅಗ್ಗ, ಕೊನೇ ಗಳಿಗೆಯಲ್ಲಿ ಬಂದವರಿಗೆ ತುಟ್ಟಿ. ಕೆಲವು ಸೀಟು ಐನೂರು ರೂಪಾಯಿಗೆ, ಆಮೇಲೆ ಒಂದೇ ರೂಪಾಯಿಗೂ ಹೋದವು, ತೆರಿಗೆ ಬೇರೆ. ಪುಕ್ಕಟೆ ಊಟ ಇಲ್ಲ, ನೀರಿಗೂ ದುಡ್ಡು. ಟಿಕೆಟ್ ಇಂಟರ್ನೆಟ್ಟಿನಲ್ಲಿ, ಫೋನಿನಲ್ಲಿ, ಕೆಲವು ಪೆಟ್ರೋಲ್ ಬಂಕುಗಳಲ್ಲೂ ಸಿಗುತ್ತಿತ್ತು. ಸೀಟಿಗೆ ನಂಬರ್ ಇಲ್ಲ, ಮೊದಲು ಹತ್ತಿದವರಿಗೆ ಕಿಟಕಿ. ಎಚ್‌ಎಎಲ್ ನಿಲ್ದಾಣದಲ್ಲಿ ಟೈ ಕಟ್ಟಿದವರೂ ಪಂಚೆ ಉಟ್ಟವರೂ ಒಟ್ಟಿಗೆ ಓಡುವುದನ್ನು ನೋಡಬೇಕಿತ್ತು! ಕಂಪನಿಯ ಗುರುತಾಗಿ ಇದ್ದದ್ದು ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯ, ಅದೇ ಚೌಕಳಿ ಕೋಟಿನ ಅಜ್ಜ. ಅವನಿಗಿಂತ ಒಪ್ಪುವವರು ಇನ್ಯಾರು?

ಆದರೆ ಅಗ್ಗದ ಟಿಕೆಟ್ ಮಾರಿ ಹೊಟ್ಟೆ ತುಂಬಬೇಕಲ್ಲ. ಡೆಕ್ಕನ್ ವಿಮಾನದ ಮೇಲೆ ವಿಮಾನ ತಂದಿತು, ಊರಿನ ಮೇಲೆ ಊರು ಸೇರಿಸಿತು. ನನಗನ್ನಿಸುವುದು, ಓಟ ಸ್ವಲ್ಪ ಜಾಸ್ತಿಯೇ ಆಯಿತು. 2005ರಲ್ಲಿ ಸ್ಪೈಸ್‌ಜೆಟ್, ಗೋಏರ್ ಬಂದವು. 2006ರಲ್ಲಿ ಇಂಡಿಗೋ. ಅದೇ ವರ್ಷ ಡೆಕ್ಕನ್ ಷೇರು ಮಾರಲು ಹೋದರೆ ಕೊಳ್ಳುವವರು ಹಿಂದೆಮುಂದೆ ನೋಡಿದರು, ಗಡುವು ಮುಂದಕ್ಕೆ ಹಾಕಬೇಕಾಯಿತು. ಇಂಧನದ ಬೆಲೆ ಏರುತ್ತಿತ್ತು, ಟಿಕೆಟ್ಟಿನ ಬೆಲೆ ಇಳಿಯುತ್ತಿತ್ತು. ನಷ್ಟ ನೂರಾರು ಕೋಟಿಗೆ ಮುಟ್ಟಿತು.

ಆಗ ಬಂದವರು ವಿಜಯ್ ಮಲ್ಯ. 2007ರಲ್ಲಿ 26 ಪರ್ಸೆಂಟ್ ಪಾಲನ್ನು ಸುಮಾರು 550 ಕೋಟಿಗೆ ಕೊಂಡರು. ಅವರ ಕಿಂಗ್‌ಫಿಷರ್ ಅದ್ದೂರಿ ವಿಮಾನ, ಇದು ನೀರಿಗೂ ದುಡ್ಡು ಕೇಳುವ ವಿಮಾನ. ಎತ್ತಣಿಂದೆತ್ತ ಸಂಬಂಧ, ಅಲ್ವಾ? ಉತ್ತರ ಒಂದು ಸರ್ಕಾರಿ ನಿಯಮದಲ್ಲಿದೆ. ವಿದೇಶಕ್ಕೆ ಹಾರಬೇಕಾದರೆ ಕಂಪನಿಗೆ ಐದು ವರ್ಷ ತುಂಬಿರಬೇಕು, 20 ವಿಮಾನ ಇರಬೇಕು ಅಂತ ಆಗಿನ ನಿಯಮ. ಕಿಂಗ್‌ಫಿಷರ್ ಹುಟ್ಟಿದ್ದು 2005ರಲ್ಲಿ. ಡೆಕ್ಕನ್ ಹುಟ್ಟಿದ್ದು 2003ರಲ್ಲಿ. ಲೆಕ್ಕ ಹಾಕಿ ನೋಡಿ.

ಹಾಗಾಗಿ ಕಾಗದದ ಮೇಲೆ ಡೆಕ್ಕನ್ ಹೋಗಿ ಕಿಂಗ್‌ಫಿಷರ್‌ಗೆ ಸೇರಲಿಲ್ಲ. ಕಿಂಗ್‌ಫಿಷರ್ ಬಂದು ಡೆಕ್ಕನ್ ಕಂಪನಿಯೊಳಗೆ ಸೇರಿತು, ಆಮೇಲೆ ಆ ಕಂಪನಿಯ ಹೆಸರೇ ಕಿಂಗ್‌ಫಿಷರ್ ಅಂತಾಯಿತು. 2008ರ ಆಗಸ್ಟಿನಲ್ಲಿ ಡೆಕ್ಕನ್‌ಗೆ ಐದು ತುಂಬಿತು. ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ಕಿಂಗ್‌ಫಿಷರ್ ಹಾರಿತು. ಮೆಣಸಿನಕಾಯಿ ವ್ಯಾಪಾರಿಯನ್ನು ಹುಬ್ಬಳ್ಳಿಗೆ ಒಯ್ದ ಕಂಪನಿಯ ವಯಸ್ಸು ಹೀಗೆ ಲಂಡನ್ ವಿಮಾನದ ಕೆಲಸಕ್ಕೆ ಬಂತು.

ಅಷ್ಟರಲ್ಲಿ ಡೆಕ್ಕನ್ ಅನ್ನುವ ಹೆಸರು ಅಳಿಸಿ ಹೋಗಿತ್ತು, ಕಿಂಗ್‌ಫಿಷರ್ ರೆಡ್ ಅಂತ ಆಗಿತ್ತು. ಶ್ರೀಸಾಮಾನ್ಯನೂ ಇಳಿದು ಹೋದ. 2011ರ ಸೆಪ್ಟೆಂಬರಿನಲ್ಲಿ ರೆಡ್ ಕೂಡ ನಿಲ್ಲಿಸುತ್ತೇವೆ ಅಂದರು. ಮರುವರ್ಷ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ವಿಮಾನಗಳೇ ನೆಲ ಕಚ್ಚಿದವು. ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಂದಿರಲಿಲ್ಲ.

ಏರ್ ಡೆಕ್ಕನ್ ಇನ್ನೊಮ್ಮೆ ಹುಟ್ಟಿತು. 2017ರಲ್ಲಿ, ಸಣ್ಣ ಊರುಗಳಿಗೆ ವಿಮಾನ ಹಾರಿಸುವ ಸರ್ಕಾರದ ಉಡಾನ್ ಯೋಜನೆಯಡಿ, ಹತ್ತೊಂಬತ್ತೇ ಸೀಟಿನ ಪುಟಾಣಿ ವಿಮಾನಗಳೊಂದಿಗೆ. 2020ರ ಏಪ್ರಿಲ್‌ನಲ್ಲಿ ಕೊರೋನಾ ಅದನ್ನೂ ನಿಲ್ಲಿಸಿತು.

ಹುಬ್ಬಳ್ಳಿಗೆ ಎಟಿಆರ್ ಈಗಲೂ ಹೋಗುತ್ತದೆ, ಬೇರೆ ಕಂಪನಿಯದು. ಸೀಟಿಗೆ ನಂಬರ್ ಇದೆ, ಓಡಬೇಕಾಗಿಲ್ಲ. ನಾನು ಮಾತ್ರ ಇವತ್ತಿಗೂ ಚಕ್ರ ಕಾಣುವ ಸೀಟನ್ನೇ ಕೇಳಿ ತೆಗೆದುಕೊಳ್ಳುತ್ತೇನೆ. ಇಳಿಯುವಾಗ ಅದು ಹೊರಗೆ ಬರುವ ತನಕ ಕಣ್ಣು ಅಲ್ಲೇ ಇರುತ್ತದೆ.

ನಮಸ್ಕಾರ.