ಸಿಗ್ನಲ್ಲಿನಲ್ಲಿ ಆಫ್ ಆಗುವ ಎಂಜಿನ್

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನಲ್ಲಿ ಈಗ ಹೊಸ ಕಾರು ಅಂದರೆ ಎಸ್‌ಯುವಿ ಅನ್ನುವುದು ಹೆಚ್ಚುಕಡಿಮೆ ತೀರ್ಮಾನವಾಗಿಬಿಟ್ಟಿದೆ. ತಪ್ಪೇನಿಲ್ಲ ಬಿಡಿ. ರಸ್ತೆಯ ಗುಂಡಿ, ರಾತ್ರೋರಾತ್ರಿ ಎದ್ದು ನಿಲ್ಲುವ ಹಂಪು, ಒಂದೇ ಮಳೆಗೆ ತುಂಬಿಕೊಳ್ಳುವ ಅಂಡರ್‌ಪಾಸ್ ನೋಡಿದವರಿಗೆ ಸ್ವಲ್ಪ ಎತ್ತರದ ಗಾಡಿ ಬೇಕು ಅನ್ನಿಸದೆ ಇರುತ್ತದಾ? ತಕರಾರು ಇರುವುದು ಮೈಲೇಜಿನಲ್ಲಿ. ಲೀಟರ್ ಪೆಟ್ರೋಲಿಗೆ ನೂರು ರೂಪಾಯಿ ದಾಟಿದ ಊರಿನಲ್ಲಿ ಭಾರದ ಗಾಡಿ ಸಾಕುವುದು ಸುಮ್ನೆ ಮಾತಲ್ಲ. ಹೈಬ್ರಿಡ್ ಎಸ್‌ಯುವಿಗಳ ಕಡೆ ಜನ ತಿರುಗಿ ನೋಡುತ್ತಿರುವುದು ಇದಕ್ಕೇ.

ಬೆಳಿಗ್ಗೆ ಒಂಬತ್ತೂವರೆಗೆ ಸಿಲ್ಕ್ ಬೋರ್ಡ್ ಹತ್ತಿರ ಮಾಮೂಲಿ ಪೆಟ್ರೋಲ್ ಕಾರು ಏನು ಮಾಡುತ್ತಿರುತ್ತದೆ? ನಿಂತಲ್ಲೇ ಪೆಟ್ರೋಲ್ ಸುಡುತ್ತಿರುತ್ತದೆ. ಹತ್ತಡಿ ಮುಂದೆ ಹೋಗಿ ಬ್ರೇಕ್ ಹಾಕಿದರೆ, ಆ ಹತ್ತಡಿಗೆ ಸುಟ್ಟದ್ದೂ ಬ್ರೇಕಿನ ಬಿಸಿಯಾಗಿ ಹೋಯಿತು. ಸ್ಟ್ರಾಂಗ್ ಹೈಬ್ರಿಡ್ ಕಾರಿನಲ್ಲಿ ಎಂಜಿನ್ ಜೊತೆಗೆ ಒಂದು ಎಲೆಕ್ಟ್ರಿಕ್ ಮೋಟಾರೂ ಇರುತ್ತದೆ. ಗಾಡಿ ನಿಂತರೆ ಎಂಜಿನ್ ಆಫ್. ಆದರೂ ಎಸಿ ತಣ್ಣಗೆ ಬರುತ್ತಲೇ ಇರುತ್ತದೆ, ಅದರ ಕಂಪ್ರೆಸರ್ ನಡೆಯುವುದು ಬ್ಯಾಟರಿಯ ಕರೆಂಟಿನಲ್ಲಿ. ಮುಂದಿನ ಗಾಡಿ ಅಲುಗಿತು ಅಂದರೆ ಮೋಟಾರೇ ಸದ್ದಿಲ್ಲದೆ ನಿಮ್ಮ ಗಾಡಿಯನ್ನು ಎಳೆಯುತ್ತದೆ. ಬ್ರೇಕ್ ಒತ್ತಿದಿರೋ, ಅದೇ ಮೋಟಾರು ಡೈನಮೋ ಆಗಿ ತಿರುಗಿ ಬ್ಯಾಟರಿಗೆ ಕರೆಂಟು ತುಂಬುತ್ತದೆ. ಬ್ಯಾಟರಿ ತೀರಾ ಇಳಿದಾಗ ಎಂಜಿನ್ ತಾನಾಗಿ ಎದ್ದು ಚಾರ್ಜ್ ಮಾಡಿಕೊಳ್ಳುತ್ತದೆ. ನೀವು ಯಾವ ವೈರನ್ನೂ ಸಿಕ್ಕಿಸಬೇಕಾಗಿಲ್ಲ.

ಬೇರೆ ಕಾರುಗಳಿಗೆ ಹೈವೇಯಲ್ಲಿ ಮೈಲೇಜ್ ಜಾಸ್ತಿ ಅಲ್ವಾ? ಹೈಬ್ರಿಡ್ ತನ್ನ ಕೈಚಳಕ ತೋರಿಸುವುದು ಊರೊಳಗೆ. ತುಮಕೂರು ರಸ್ತೆಯಲ್ಲಿ ಒಂದೇ ಸಮ ನೂರರಲ್ಲಿ ಹೋಗುತ್ತಿದ್ದರೆ ಬ್ರೇಕೇ ಇಲ್ಲ, ಉಳಿಸಿಕೊಳ್ಳಲು ಏನೂ ಇಲ್ಲ. ನಾವು ದಿನಾ ಶಾಪ ಹಾಕುವ ಟ್ರಾಫಿಕ್ಕೇ ಈ ಗಾಡಿಗೆ ಅನ್ನ.

ಇದೇನೂ ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಟೊಯೋಟಾ ಪ್ರಿಯಸ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1997ರಲ್ಲಿ. ನಮ್ಮಲ್ಲಿ ಮಧ್ಯಮ ಗಾತ್ರದ ಎಸ್‌ಯುವಿಗಳಿಗೆ ಇದು ಬಂದದ್ದು 2022ರಲ್ಲಿ, ಟೊಯೋಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾಗಳ ಜೊತೆ. ಎರಡೂ ತಯಾರಾದದ್ದು ನಮ್ಮ ಬಿಡದಿಯಲ್ಲೇ. ಅಲ್ಲಿ ಬರೀ ತಟ್ಟೆ ಇಡ್ಲಿ ಮಾತ್ರ ಅಲ್ಲ ನೋಡಿ! ಹೈರೈಡರ್ ಹೈಬ್ರಿಡ್ಡಿನ ಬ್ಯಾಟರಿ 0.76 ಯೂನಿಟ್‌ನದ್ದು. ಅಂದರೆ ಮನೆ ಮೀಟರಿನ ಲೆಕ್ಕದಲ್ಲಿ ಒಂದು ಯೂನಿಟ್ಟೂ ಹಿಡಿಸುವುದಿಲ್ಲ. ಲೀಟರಿಗೆ 27.97 ಕಿಲೋಮೀಟರ್ ಅಂತ ಕಂಪನಿಯ ಲೆಕ್ಕ. ಅದು ಪರೀಕ್ಷೆಯಲ್ಲಿ ಸಿಕ್ಕ ಅಂಕ, ಹೊರವರ್ತುಲ ರಸ್ತೆಯಲ್ಲಿ ಸಿಕ್ಕದ್ದಲ್ಲ.

ಶೋರೂಮಿನಲ್ಲಿ ಒಂದು ವಿಷಯ ಬಾಯಿಬಿಟ್ಟು ಕೇಳಿ: ಇದು ಸ್ಟ್ರಾಂಗ್ ಹೈಬ್ರಿಡ್ಡಾ, ಮೈಲ್ಡ್ ಹೈಬ್ರಿಡ್ಡಾ? ಮೈಲ್ಡ್‌ನಲ್ಲಿ ಇರುವ ಪುಟ್ಟ ಮೋಟಾರು ಎಂಜಿನ್ನಿಗೆ ಸ್ವಲ್ಪ ಕೈ ಜೋಡಿಸುತ್ತದೆ ಅಷ್ಟೆ. ಬರೀ ಕರೆಂಟಿನಲ್ಲಿ ಗಾಡಿ ಓಡುವುದಿಲ್ಲ. ಎರಡಕ್ಕೂ ಹೈಬ್ರಿಡ್ ಅಂತಲೇ ಹೆಸರು ಅಂಟಿಸಿ ಮಾರುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನು ದುಡ್ಡಿನ ಮಾತು. ತಿಂಗಳಿಗೆ ಊರೊಳಗೇ ಸಾವಿರ ಕಿಲೋಮೀಟರ್ ಓಡಿಸುತ್ತೀರಿ ಅಂದುಕೊಳ್ಳಿ. ಪೆಟ್ರೋಲ್ ಎಸ್‌ಯುವಿ ಲೀಟರಿಗೆ 10 ಕೊಟ್ಟು, ಹೈಬ್ರಿಡ್ 20 ಕೊಟ್ಟರೆ ತಿಂಗಳಿಗೆ 50 ಲೀಟರ್ ಉಳಿಯಿತು, ಐದು ಸಾವಿರದ ಮೇಲೆ. ಎರಡೂವರೆ ಲಕ್ಷ ಹೆಚ್ಚು ಕೊಟ್ಟಿದ್ದರೂ ನಾಲ್ಕು ವರ್ಷಕ್ಕೆ ಗಿಟ್ಟುತ್ತದೆ. ಭಾನುವಾರ ದೇವಸ್ಥಾನಕ್ಕೆ, ಮದುವೆಗೆ ಮಾತ್ರ ಕಾರು ತೆಗೆಯುವವರಿಗೆ ಈ ಲೆಕ್ಕ ಕೂಡುವುದಿಲ್ಲ. ಬೆಲೆಯ ಮೇಲೆ ಕರ್ನಾಟಕದ ರಸ್ತೆ ತೆರಿಗೆ ಬೇರೆ, ದೇಶದಲ್ಲೇ ದುಬಾರಿಯಾದವುಗಳಲ್ಲಿ ಒಂದು.

ಹಾಗಾದರೆ ಪೂರ್ತಿ ಎಲೆಕ್ಟ್ರಿಕ್ ಯಾಕಲ್ಲ? ಸ್ವಂತ ಪಾರ್ಕಿಂಗು, ಅಲ್ಲೇ ಚಾರ್ಜಿಂಗ್ ಪಾಯಿಂಟು ಇದ್ದರೆ ಅದನ್ನೇ ತಗೊಳ್ಳಿ, ಓಡಿಸುವ ಖರ್ಚು ಇನ್ನೂ ಕಡಿಮೆ. ಬಾಡಿಗೆ ಮನೆಯಲ್ಲಿದ್ದು ರಸ್ತೆ ಬದಿ ಗಾಡಿ ನಿಲ್ಲಿಸುವವರು, ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಒಪ್ಪಿಗೆಗೆ ಕಾಯುತ್ತಿರುವವರು ಏನು ಮಾಡಬೇಕು? ಅವರಿಗೆ ಹೈಬ್ರಿಡ್ಡೇ ಕೈಗೆಟಕುವ ದಾರಿ.

ಟೆಸ್ಟ್ ಡ್ರೈವಿಗೆ ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಹೋಗಬೇಡಿ. ವಾರದ ದಿನ, ಸಂಜೆ ಆರಕ್ಕೆ, ಎಸಿ ಹಾಕಿಕೊಂಡೇ ಹೊರಡಿ. ಎಂಜಿನ್ ಎಷ್ಟು ಹೊತ್ತು ಸುಮ್ಮನಿರುತ್ತದೆ, ಫ್ಲೈಓವರ್ ಹತ್ತುವಾಗ ಜೋರಾಗಿ ಒತ್ತಿದರೆ ಎಷ್ಟು ಕೂಗುತ್ತದೆ ಅಂತ ಕಿವಿಗೊಟ್ಟು ಕೇಳಿ. ಡಿಕ್ಕಿಯನ್ನೂ ತೆರೆಸಿ ನೋಡಿ. ಕೆಲವು ಮಾಡೆಲ್‌ಗಳಲ್ಲಿ ಬ್ಯಾಟರಿ ಅಲ್ಲೇ ಕೂತು ಜಾಗ ತಿಂದಿರುತ್ತದೆ, ಊರಿಗೆ ಹೊರಟಾಗ ತೆಂಗಿನಕಾಯಿ ಚೀಲ ಹಿಡಿಸದೆ ಹೋದೀತು. ಬ್ಯಾಟರಿಗೆ ಗಾಳಿ ಹೋಗುವ ಕಿಂಡಿ ಹಲವು ಹೈಬ್ರಿಡ್‌ಗಳಲ್ಲಿ ಸೀಟಿನ ಪಕ್ಕದಲ್ಲೋ ಕೆಳಗೋ ಇರುತ್ತದೆ. ಅದು ಎಲ್ಲಿದೆ ಅಂತ ತೋರಿಸಿಕೊಳ್ಳಿ, ಆಮೇಲೆ ಮಕ್ಕಳ ಸ್ಕೂಲ್ ಬ್ಯಾಗು ಅದಕ್ಕೆ ಅಡ್ಡ ಇಡದ ಹಾಗೆ ನೋಡಿಕೊಳ್ಳಿ.

ನಮಸ್ಕಾರ.